ಪೆಸಹದ ಸಂಜೆ ಕೈಗೆ ಹೊಯ್ದ ನೀರು

ಗೇರುಬೀಜದ ಕಾಲದಲ್ಲಿ ನನ್ನ ಕೈ ಯಾರೂ ನೋಡಬಾರದು. ಪೆರಾಬೆಯ ನಮ್ಮ ಗುಡ್ಡದಲ್ಲಿ ಹಣ್ಣಿನಿಂದ ಬೀಜ ತಿರುಚಿ ತೆಗೆದು ತೆಗೆದು ಬೆರಳೆಲ್ಲ ಕಪ್ಪು. ಸೊನೆ ತಾಗಿದಲ್ಲಿ ಚರ್ಮ ಸುಲಿಯುತ್ತದೆ. ತೆಂಗಿನೆಣ್ಣೆ, ಬೂದಿ, ಸೀಮೆಎಣ್ಣೆ, ಯಾವುದಕ್ಕೂ ಜಗ್ಗುವ ಕಪ್ಪಲ್ಲ ಅದು.

ನನ್ನ ಬಾಯಿ ಅದಕ್ಕಿಂತ ಕಡೆ. ಅತ್ತೆ ಹಾಸಿಗೆ ಹಿಡಿದಿದ್ದಾಗ ನೋಡಲು ಬಂದ, ನಾನು ಚೇಚಿ ಎಂದು ಕರೆಯುವ ನನ್ನ ಸ್ವಂತ ಅಕ್ಕ, "ಬೆನ್ನು ಹುಣ್ಣಾಗ್ತಾ ಉಂಟು, ಆಗಾಗ ಮಗ್ಗುಲು ಬದಲಿಸ್ಬೇಕು" ಎಂದಳು. ಸರಿಯಾದ ಮಾತೇ. ನಿದ್ದೆಗೆಟ್ಟಿದ್ದ ನನಗೆ ಸಿಟ್ಟು ನೆತ್ತಿಗೇರಿತು. "ಒಂದು ಮಗು ಹೆರದವಳು ನನಗೆ ಚಾಕರಿ ಕಲಿಸ್ಲಿಕ್ಕೆ ಬರ್ಬೇಡ" ಎಂದುಬಿಟ್ಟೆ. ಅಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಇನ್ನು ನಿನ್ನ ಮನೆಯ ನೀರು ನನಗೆ ಬೇಡ" ಎಂದು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ತೀರಿಕೊಂಡಾಗ ಬಂದವಳು ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.

ಕೇರಳದಿಂದ ಬಂದು ಕಡಬದ ಸುತ್ತ ರಬ್ಬರು ಹಾಕಿದ ಕ್ರೈಸ್ತರು ನಾವು. ಶುಭ ಶುಕ್ರವಾರದ ಮುನ್ನಾದಿನ ಸಂಜೆ, ಯೇಸು ಶಿಷ್ಯರೊಂದಿಗೆ ಉಂಡ ಕೊನೆಯ ಊಟದ ನೆನಪಿಗೆ, ಮನೆಯಲ್ಲೇ ಹುಳಿ ಬರಿಸದ ಹಿಟ್ಟಿನಿಂದ ಪೆಸಹದ ಅಪ್ಪ ಮಾಡುತ್ತೇವೆ. ಮನೆಯ ಯಜಮಾನ ಮುರಿದು ಎಲ್ಲರ ಕೈಗೆ ಕೊಡಬೇಕು. ಸಾವಾದ ಮನೆಯಲ್ಲಿ ಆ ವರ್ಷ ಮಾಡುವಂತಿಲ್ಲ, ಬಳಗದವರು ತಂದುಕೊಡಬೇಕು. ನನಗೆ ಹತ್ತಿರದ ಬಳಗವೆಂದರೆ ಈ ಅಕ್ಕ ಒಬ್ಬಳೇ. ಅವಳು ತರದಿದ್ದರೆ ಅಕ್ಕತಂಗಿಯ ಸಂಬಂಧ ಅಲ್ಲಿಗೆ ಮುಗಿದಂತೆ ಎಂದು ನನಗೆ ಹೆದರಿಕೆ.

ಅತ್ತೆ ಹೋದ ವರ್ಷದ ಪೆಸಹಕ್ಕೆ ಹಿಂದಿನ ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಯೆಹೂದ್ಯರ ಕೈತೊಳೆಯುವ ಕ್ರಮ ಹೇಳಿದ್ದರು. ಎರಡು ಹಿಡಿಯ ಚೊಂಬಿನಿಂದ ಒಂದು ಕೈಗೆ, ಆಮೇಲೆ ಇನ್ನೊಂದು ಕೈಗೆ ನೀರು ಹೊಯ್ದು, ದೇವರನ್ನು ಸ್ತುತಿಸಿ, ರೊಟ್ಟಿ ಬಾಯಿಗಿಡುವ ತನಕ ಅವರು ಮಾತಾಡುವುದಿಲ್ಲವಂತೆ.

"ಅದು ಬರೀ ಕೊಳೆ ತೆಗಿಲಿಕ್ಕೆ ಅಲ್ಲ, ದೇವರು ಕೊಟ್ಟದ್ದನ್ನು ಮುಟ್ತಾ ಇದ್ದೇವೆ ಅಂತ ನೆನಪಿಗೆ. ಯೇಸು ಬೈದದ್ದು ನೀರನ್ನಲ್ಲ, ಕೈ ತೊಳೆದು ಮನಸ್ಸು ತೊಳೆಯದವರನ್ನು. ಬಾಯೊಳಗೆ ಹೋದದ್ದು ಮೈಲಿಗೆ ಮಾಡುದಿಲ್ಲ, ಬಾಯಿಂದ ಹೊರಗೆ ಬಂದದ್ದು ಮಾಡ್ತದೆ" ಎಂದರು.

ನನ್ನನ್ನೇ ಎಬ್ಬಿಸಿ ನಿಲ್ಲಿಸಿ ಹೇಳಿದ ಹಾಗಾಯಿತು. ಹೊರಗೆ ಬಂದ ಮೇಲೆ ಗಂಡ ಬೇರೆ, "ರೊಟ್ಟಿ ಬರುವ ತನಕ ಸುಮ್ಮನಿರುದು! ನಿನ್ನಿಂದ ಆಗ್ಲಿಕ್ಕುಂಟಾ?" ಎಂದು ಕೆಣಕಿದರು. ಅವರಿಗೆ ತಮಾಷೆ.

ಗುರುವಾರ ಸಂಜೆ ಅಂಗಳದ ನಳ್ಳಿಯ ಹತ್ತಿರ ಬೂದಿ ಹಾಕಿ ಕೈ ತಿಕ್ಕುತ್ತಿದ್ದೆ. ರಿಕ್ಷಾ ಬಂದು ನಿಂತಿತು. ಅಕ್ಕ! ಮೆಟ್ಟಿಲು ಹತ್ತದೆ, ಸ್ಟೀಲಿನ ಡಬ್ಬಿಯನ್ನು ನನ್ನ ಗಂಡನ ಕೈಗೆ ಕೊಟ್ಟಳು.

"ನಿಮ್ಮ ಅಮ್ಮ ನನಗೆ ಒಳ್ಳೆಯವರಿದ್ರು. ಅವರಿಗೋಸ್ಕರ ತಂದದ್ದು."

ಹೊರಟೇ ಬಿಟ್ಟಳು. 'ಮೊದಲು ಶುರು ಮಾಡಿದ್ದು ನೀನೇ ಅಲ್ವಾ' ಎನ್ನುವುದು ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಒದ್ದೆ ಕೈಯಲ್ಲೇ ಓಡಿ ಅಡ್ಡ ನಿಂತೆ.

"ಚೇಚಿ, ಆ ಮಾತು ನಾನು ಹೇಳ್ಬಾರದಿತ್ತು. ತಪ್ಪು ನಂದೇ."

"ನಿಂದೇ. ಎಷ್ಟು ಅತ್ತಿದ್ದೇನೆ ಗೊತ್ತುಂಟಾ ನಿನಗೆ?"

ರಿಕ್ಷಾದವನು ಹಾರ್ನ್ ಒತ್ತಿದ. ಅಕ್ಕ ನನ್ನ ಕಪ್ಪು ಬೆರಳುಗಳನ್ನೇ ನೋಡುತ್ತಿದ್ದಳು. ಆಮೇಲೆ ಅವನಿಗೆ ಹೋಗು ಎಂದು ಕೈಸನ್ನೆ ಮಾಡಿ, ನಳ್ಳಿಯ ಹತ್ತಿರ ಬಂದು ಎರಡೂ ಕೈ ಚಾಚಿದಳು.

"ನೀರು ಹೊಯ್ಯು. ನಾನೂ ಇಲ್ಲಿಯೇ ತಿಂತೇನೆ."

ಚೊಂಬಿನಲ್ಲಿ ನೀರು ತುಂಬಿಸಿ ಅವಳ ಒಂದು ಕೈಗೆ, ಆಮೇಲೆ ಇನ್ನೊಂದು ಕೈಗೆ ಹೊಯ್ದೆ. ಒಳಗೆ ಗಂಡ ಪ್ರಾರ್ಥನೆ ಹೇಳಿ ಅಪ್ಪ ಮುರಿದು ಕೊಟ್ಟರು. ಬೆಲ್ಲ ಹಾಕಿದ ತೆಂಗಿನಹಾಲಿನಲ್ಲಿ ಅದ್ದಿ ಬಾಯಿಗಿಡುವ ತನಕ ನಾನು ತುಟಿ ಬಿಚ್ಚಲಿಲ್ಲ.

"ಎಂತ ಮಾರಾಯ್ತಿ, ಇಷ್ಟು ಹೊತ್ತು ಸುಮ್ಮನಿದ್ದೀ? ಹುಷಾರುಂಟಲ್ಲ?" ಎಂದಳು ಅಕ್ಕ.

ಅಬ್ಬಾ! ಎದೆಯ ಭಾರವೆಲ್ಲ ಇಳಿದು ನಗು ಬಂತು, ಅಳುವೂ ಬಂತು. ಎದ್ದು ಹೋಗಿ ಅವಳಿಗೆ ಒಂದು ಲೋಟ ನೀರು ತಂದುಕೊಟ್ಟೆ. ಪೂರ್ತಿ ಕುಡಿದು, ಇನ್ನೊಂದು ಲೋಟ ಕೇಳಿದಳು.