ಐನೂರ ಎರಡರ ಮುದ್ರೆ

ಜಲಜಾ ಆಂಟಿಗೆ ಈ ದೇಶದಲ್ಲಿ ವೋಟಿಲ್ಲ. ಮೂವತ್ತೈದು ವರ್ಷ ಇಲ್ಲೇ ಬಾಳಿದರೂ ಇಂಡಿಯಾ ಪಾಸ್‌ಪೋರ್ಟ್ ಬಿಟ್ಟುಕೊಡದ ಹೆಂಗಸು. ಅಂಥವರು ಅರವತ್ತೊಂಬತ್ತನೇ ವಯಸ್ಸಿನಲ್ಲಿ, ಅದೂ ಕೊರೊನಾ ಕಾಲದಲ್ಲಿ, ನಗರಸಭೆಯ ಮೇಲೆ ಯುದ್ಧಕ್ಕೆ ಹೊರಟರು. ಜೊತೆಗೆ ನನ್ನನ್ನೂ ಎಳೆದುಕೊಂಡರು. ಮನೆಯಲ್ಲೇ ಕೂತು ಮಿನಾಟೋದ ಆಫೀಸಿನ ಕೆಲಸ ಮುಗಿಸಿ, ಕಾಲು ಚಾಚಿ ಮಲಗಿದರೆ ಸಾಕು ಅಂತಿದ್ದವಳು ನಾನು. ಆದರೆ ಆಂಟಿ ಗಂಟು ಬಿದ್ದರೆ ಬಿಡಿಸಿಕೊಂಡವರನ್ನು ನಾನಿನ್ನೂ ಕಂಡಿಲ್ಲ.

ನಮ್ಮದು ಸಗಮಿಹಾರಾದಿಂದ ಎರಡು ಸ್ಟೇಷನ್ ಆಚೆಯ ಸಣ್ಣ ಊರು. ಅಲ್ಲಿ ಒಂದು ಹಳೇ ದಾಂಚಿ. ಅಂದರೆ ಒಂದರ ಹಿಂದೆ ಒಂದು ನಿಂತ ಐದು ಮಹಡಿಯ ಬಾಡಿಗೆ ಮನೆಗಳ ಕಾಲೊನಿ. ಲಿಫ್ಟ್ ಇಲ್ಲ. ಒಂದೊಂದು ಮೆಟ್ಟಿಲ ಸಾಲಿಗೆ ಹತ್ತು ಮನೆ, ಮಹಡಿಗೆ ಎದುರುಬದುರು ಎರಡು. ನಾನು ಎರಡನೇ ಮಹಡಿ, ಆಂಟಿ ಮೂರನೇದು. ಅವರ ಯಜಮಾನರು ಬಾಲಸುಬ್ರಹ್ಮಣ್ಯ ಸಗಮಿಹಾರಾದಲ್ಲಿ ಬಾಹ್ಯಾಕಾಶ ಸಂಶೋಧಕರಾಗಿದ್ದವರು, ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಕ್ಕಳಿಲ್ಲ. ಮೈಸೂರಿಗೆ ವಾಪಸು ಹೋಗಬಹುದಿತ್ತಲ್ಲ ಅಂತ ಕೇಳಿದರೆ, "ಅಲ್ಲಿ ನಂಗೆ ಬಿಸಿನೀರಿನ ಕೊಳ ಯಾರು ತೋಡಿಸ್ತಾರೆ?" ಅನ್ನುತ್ತಿದ್ದರು.

ಆ ಕೊಳ ಇದ್ದದ್ದು 'ಹಿನಾತಾ ಮನೆ'ಯಲ್ಲಿ. ಅರವತ್ತು ದಾಟಿದವರಿಗೆಂದು ನಗರಸಭೆ ನಡೆಸುತ್ತಿದ್ದ ಕೇಂದ್ರ ಅದು. ದೊಡ್ಡ ಬಚ್ಚಲು, ಚದುರಂಗದ ಮಣೆಗಳು, ಹಾಡುವುದಕ್ಕೊಂದು ಹಾಲ್. ಕೊಂಬಿನಿ ಅನ್ನುವ ಬೀದಿಬದಿ ಅಂಗಡಿಯ ಒಂದು ಕಾಫಿಯ ಬೆಲೆಗೆ ಇಡೀ ದಿನ ಇರಬಹುದು. ಎಲ್ಲರೆದುರು ಬಟ್ಟೆ ಬಿಚ್ಚಿ ತೊಟ್ಟಿಗೆ ಇಳಿಯಬೇಕು ಅಂದಾಗ ಆಂಟಿ ಮೊದಲ ದಿನ "ರಾಮ ರಾಮ" ಅಂತ ಓಡಿಬಂದಿದ್ದರಂತೆ. ಎರಡನೇ ತಿಂಗಳಿಗೆ ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು. ಹಾಡಿನ ಗುಂಪಿಗೆ ಸೇರಿಸಿಕೊಂಡವರು ಕುರಾತಾ ಸಾನ್, ಅಂದರೆ ಕುರಾತಾ ಅವರು. ಎಂಬತ್ತನಾಲ್ಕರ ಒಂಟಿ ಜೀವ, ನಿವೃತ್ತ ರೈಲು ಡ್ರೈವರ್, ನಮ್ಮ ಮೆಟ್ಟಿಲಿನ ತುತ್ತತುದಿಯ ಐನೂರ ಎರಡನೇ ಮನೆಯವರು.

ಆ ಕೇಂದ್ರದಲ್ಲಿ ಒಂದು ಪದ್ಧತಿಯಿತ್ತು. ಬಾಗಿಲಲ್ಲಿ ಎಲ್ಲರ ಹೆಸರಿನ ಮರದ ಬಿಲ್ಲೆಗಳು ನೇತುಹಾಕಿರುತ್ತಿದ್ದವು. ಬಂದವರು ತಮ್ಮ ಬಿಲ್ಲೆಯನ್ನು ಕಪ್ಪು ಅಕ್ಷರದ ಕಡೆಗೆ ತಿರುಗಿಸಬೇಕು. ಬರಬೇಕಾದ ದಿನ ಮಧ್ಯಾಹ್ನ ಹನ್ನೆರಡಾದರೂ ಬಿಲ್ಲೆ ಕೆಂಪಾಗೇ ಇದ್ದರೆ ಮನೆಗೆ ಫೋನು. ಎತ್ತದಿದ್ದರೆ ಯಾರಾದರೂ ಹೊರಟೇ ಬರುತ್ತಿದ್ದರು. ಒಂದು ಸಲ ಆಂಟಿಯನ್ನು ಮನೆಯ ಬಚ್ಚಲಲ್ಲಿ ಜಾರಿ ಬಿದ್ದಲ್ಲಿಂದ ಎತ್ತಿದ್ದು ಹೀಗೇ.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಕೇಂದ್ರ ಮುಚ್ಚಿತು. ಸೋಂಕು ಇಳಿಯುವ ತನಕ ಅಂದರು. ನವೆಂಬರಿನಲ್ಲಿ ಬಂದ ಕಾಗದವೇ ಬೇರೆ: ಇನ್ನು ತೆರೆಯುವುದಿಲ್ಲ, ಕಟ್ಟಡವನ್ನು ಖಾಸಗಿ ವ್ಯಾಯಾಮ ಶಾಲೆಗೆ ಕೊಡುತ್ತೇವೆ, ಹಿರಿಯರಿಗೆ ರಿಯಾಯಿತಿ ಇದೆ. ಆ ರಿಯಾಯಿತಿ ದರ ಹಳೇ ದರದ ಹನ್ನೆರಡು ಪಟ್ಟು ಇತ್ತು.

ಒಂದು ಸಂಜೆ ಆಂಟಿ ನನ್ನನ್ನು ಅಲ್ಲಿಗೆ ಎಳೆದೊಯ್ದರು. ಗಾಜಿಗೆ ಹಣೆ ಒತ್ತಿ ಒಳಗೆ ನೋಡಿದೆವು. ಒಳಚಪ್ಪಲಿಗಳು ಸಾಲಾಗಿ ಕೂತಿದ್ದವು. ಗೋಡೆಯ ಬಿಲ್ಲೆಗಳೆಲ್ಲ ಕೆಂಪು. ಆಂಟಿ ಒಂದೊಂದೇ ಹೆಸರು ಓದತೊಡಗಿದರು, ಸ್ಕೂಲಿನಲ್ಲಿ ಹಾಜರಿ ಕರೆದ ಹಾಗೆ. ಆಗಲೇ ಐದು ಗಂಟೆಯಾಯಿತು. ಊರಿನ ಕಂಬಗಳ ಮೇಲಿನ ಮೈಕು ದಿನದಂತೆ ಹಾಡಿ, ಆಮೇಲೆ ನಿಧಾನವಾಗಿ ಹೇಳಿತು: "ಎಂಬತ್ತೊಂದು ವರ್ಷದ ಪುರುಷರೊಬ್ಬರು ಬೆಳಗಿನಿಂದ ಕಾಣೆಯಾಗಿದ್ದಾರೆ. ಬೂದು ಬಣ್ಣದ ಸ್ವೆಟರ್." ಒಂದೊಂದು ಮಾತೂ ಎದುರಿನ ಕಟ್ಟಡಕ್ಕೆ ಬಡಿದು ಎರಡೆರಡು ಸಲ ಕೇಳುತ್ತಿತ್ತು.

"ಸಾಕು, ನಡೀರಿ ಆಂಟಿ," ಅಂದೆ.

"ಹೋಗಣ. ಆದ್ರೆ ನಾಳೆಯಿಂದ ನೀನು ನಂಗೆ ಟೈಪ್ ಮಾಡ್ಕೊಡ್ಬೇಕು," ಅಂದರು. "ನಂಗೆ ವೋಟಿಲ್ಲ ನಿಜ. ಅರ್ಜಿ ಕೊಡಕ್ಕೆ ವೋಟು ಬೇಡ್ವಂತೆ. ವಿಚಾರ್ಸಿದೀನಿ."

ವಿಚಾರಿಸಿದ್ದು ನಗರಸಭೆಯ ಒಬ್ಬ ಸದಸ್ಯೆಯ ಹತ್ತಿರ. ಕೇಂದ್ರ ಹಳೇ ದರದಲ್ಲೇ ಮತ್ತೆ ತೆರೆಯಲಿ ಅಂತ ದಾಂಚಿಯ ಅರ್ಧಕ್ಕಿಂತ ಹೆಚ್ಚು ಮನೆಗಳು ಕೇಳಿದರೆ ಸಮಿತಿಯ ಮುಂದೆ ತರುತ್ತೇನೆ ಅಂದಿದ್ದರು. ಹಾಗಂತ ಮನೆಮನೆಗೆ ಹೋಗುವ ಹಾಗಿರಲಿಲ್ಲ. ಬಾಗಿಲಲ್ಲಿ ನಿಂತು ಮಾತಾಡಿದರೆ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ ಕಾಲ. ಉಳಿದ ದಾರಿ ಸುತ್ತೋಲೆಯ ಹಲಗೆ. ಕಾಗದ ಸಿಕ್ಕಿಸಿದ ಆ ಹಲಗೆ ಮನೆಯಿಂದ ಮನೆಗೆ ದಾಟುತ್ತದೆ. ಓದಿದವರು ತಮ್ಮ ಚೌಕದಲ್ಲಿ ಸಹಿಯ ಬದಲು ತಮ್ಮ ಹೆಸರಿನ ಕೆಂಪು ಮುದ್ರೆ ಒತ್ತಿ ಪಕ್ಕದ ಮನೆಗೆ ಕೊಡುತ್ತಾರೆ. ಕೊರೊನಾ ಬಂದ ಮೇಲೆ ಕೈಗೆ ಕೊಡುವುದೂ ನಿಂತು, ಬಾಗಿಲ ಹಿಡಿಗೆ ಚೀಲದಲ್ಲಿ ನೇತುಹಾಕಿ ಸದ್ದಿಲ್ಲದೆ ಇಳಿದುಬಿಡುತ್ತಿದ್ದೆವು.

ವಯಸ್ಸಾದವರು ಬರೆಯುವ ಕಷ್ಟಪಡುವುದು ಬೇಡ ಅಂತ ನಾನೇ ಎಲ್ಲ ಮನೆಯ ಹೆಸರುಗಳನ್ನೂ ಟೈಪ್ ಮಾಡಿ ಅಚ್ಚು ಹಾಕಿದೆ. ಎದುರಿಗೆ ಮುದ್ರೆ ಒತ್ತಿದರಾಯಿತು. ಎಂಥಾ ಬುದ್ಧಿವಂತೆ ನಾನು ಅಂತ ಬೀಗಿದ್ದೆ ಬೇರೆ.

ಜನವರಿಯ ಇಪ್ಪತ್ತಕ್ಕೆ ನಮ್ಮ ಮೆಟ್ಟಿಲಿನ ಹಲಗೆ ಹೊರಟಿತು. ಮೂರನೇ ದಿನ ಬೆಳಿಗ್ಗೆ ಆಂಟಿಯ ಬಾಗಿಲಲ್ಲಿ ವಾಪಸು ತೂಗುತ್ತಿತ್ತು. ಹತ್ತಕ್ಕೆ ಹತ್ತು! ಕೊನೆಯದು ಐನೂರ ಎರಡರ ಕುರಾತಾ ಸಾನ್‌ರದ್ದು, ಚೌಕದ ನಟ್ಟನಡುವೆ ಅಚ್ಚುಕಟ್ಟಾಗಿ ಒತ್ತಿದ ಮುದ್ರೆ.

"ನೋಡೇ, ನಮ್ ಮೆಟ್ಲು ಫುಲ್ ಮಾರ್ಕ್ಸು!" ಅಂತ ಆಂಟಿ ಕುಣಿದಾಡಿದರು. ಉಳಿದ ಮೆಟ್ಟಿಲುಗಳಿಂದಲೂ ಮುದ್ರೆಗಳು ಬಂದು ಅರ್ಧ ದಾಟಿತು.

ಆಗ ಸದಸ್ಯೆ ಇನ್ನೊಂದು ಮಾತು ಹೇಳಿದರು. ಸಮಿತಿಯಲ್ಲಿ ಅರ್ಜಿದಾರರಿಗೆ ಐದು ನಿಮಿಷ ಮಾತಾಡಲು ಬಿಡುತ್ತಾರೆ. ವಿದೇಶಿ ಹೆಂಗಸೊಬ್ಬಳೇ ಮಾತಾಡಿದರೆ ಕೆಲವರು ಕಿವಿಗೆ ಹಾಕಿಕೊಳ್ಳುವುದಿಲ್ಲ; ಇಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರು ಬೇಕು. ಆಂಟಿಗೆ ಬೇರೆ ಹೆಸರೇ ಹೊಳೆಯಲಿಲ್ಲ. ಮೇಲೆ ಹೋಗಿ ಕುರಾತಾ ಸಾನ್‌ರ ಬೆಲ್ ಒತ್ತಿದರು. ಒಳಗೆ ಟೀವಿ ಮಾತಾಡುತ್ತಿತ್ತು, ಬಾಗಿಲು ಮಾತ್ರ ತೆರೆಯಲಿಲ್ಲ.

"ಇನ್ನೊಂದ್ಸಲ ಒತ್ತಬೇಕಿತ್ತು," ಅಂದೆ.

"ಛೇ, ಇಲ್ಲಿ ಹಾಗೆಲ್ಲ ಮಾಡ್ಬಾರ್ದು ಕಣೇ. ಒಂದ್ಸಲ ಒತ್ತಿ ತೆಗೀಲಿಲ್ಲ ಅಂದ್ರೆ ಅವರಿಗೆ ಇಷ್ಟ ಇಲ್ಲ ಅಂತ. ಮೂವತ್ತೈದು ವರ್ಷದಲ್ಲಿ ಒಂದಿನ ಎರಡನೇ ಸಲ ಒತ್ತಿಲ್ಲ ನಾನು. ಪಾಪ, ಈ ವಯಸ್ಸಲ್ಲಿ ಸೋಂಕಿನ ಭಯ ಇರಲ್ವಾ?"

ಆ ಸಭ್ಯತೆಯ ಬಗ್ಗೆ ಆಂಟಿಗೆ ಭಾರಿ ಹೆಮ್ಮೆ. ಇಲ್ಲಿಯವರಿಗಿಂತ ಒಂದು ಕೈ ಹೆಚ್ಚೇ ಇಲ್ಲಿಯವರಾಗಿದ್ದರು. ಹಾಗಾಗಿ ಚೀಟಿ ಬರೆದು ನೇತುಹಾಕಿದರು: ಫೆಬ್ರವರಿ ಐದಕ್ಕೆ ಸಮಿತಿ, ದಯವಿಟ್ಟು ಬಂದು ಮಾತಾಡಬೇಕು, ಮೊದಲು ಸದಸ್ಯೆಯ ಹತ್ತಿರ ಕೂತು ಮಾತು ಸಿದ್ಧ ಮಾಡಿಕೊಳ್ಳಲು ಒಂಬತ್ತೂವರೆಗೇ ಟ್ಯಾಕ್ಸಿ ತರಿಸುತ್ತೇನೆ, ಒಪ್ಪಿಗೆಯಾದರೆ ಮುದ್ರೆ ಹಾಕಿ. ಮರುದಿನ ಚೀಟಿ ವಾಪಸು ಬಂತು. ಮುದ್ರೆ ಬಿದ್ದಿತ್ತು, ಅದೇ ಅಚ್ಚುಕಟ್ಟು. ಒಂದಕ್ಷರ ಬರಹವಿಲ್ಲ.

ಅಂದಿನಿಂದ ಆಂಟಿ ಸಂಜೆ ಕಸ ಹಾಕುವ ನೆಪದಲ್ಲಿ ಕೆಳಗಿಳಿದು ಐದನೇ ಮಹಡಿಯ ಕಿಟಕಿಗೆ ಕೈ ಬೀಸತೊಡಗಿದರು. ಪರದೆ ಒಂದು ಗೇಣು ಸರಿದಿತ್ತು. ಒಳಗೆ ನೀಲಿ ಬೆಳಕು ಹತ್ತಿ ಆರಿ ಮಾಡುತ್ತಿತ್ತು.

"ನೋಡು ನೋಡು, ಅವರೂ ಕೈ ಎತ್ತಿದ್ರು!"

ನಾನೂ ನೋಡಿದೆ. ಸುಳ್ಳೇಕೆ ಹೇಳಲಿ, ನನಗೂ ಒಂದು ಕೈ ಕಂಡ ಹಾಗಾಯಿತು. ನಾನೂ ಬೀಸಿದೆ.

ಫೆಬ್ರವರಿ ಐದು, ಶುಕ್ರವಾರ. ಟ್ಯಾಕ್ಸಿ ಬಂದು ನಿಂತಿತು. ಆಂಟಿ ಕಂಚಿ ಸೀರೆ ಉಟ್ಟು, ಮೇಲೆ ದಪ್ಪ ಕೋಟು ಹಾಕಿ, ಏದುಸಿರು ಬಿಡುತ್ತ ಐದನೇ ಮಹಡಿ ಹತ್ತಿದರು. ನಾನು ಹಿಂದೆ. ಬೆಲ್ ಒತ್ತಿದರು. ಒಳಗೆ ಟೀವಿಯಲ್ಲಿ ಯಾರೋ ಅಡುಗೆ ಹೇಳಿಕೊಡುತ್ತಿದ್ದರು, ಜನ ನಗುತ್ತಿದ್ದರು. ನಿಂತೆವು. ಒಂದು ನಿಮಿಷ, ಎರಡು ನಿಮಿಷ. ಆಂಟಿಯ ಬೆರಳು ಬೆಲ್ಲಿನ ಹತ್ತಿರ ಹೋಗಿ ಹಿಂದೆ ಬಂತು. ನನಗೆ ರೇಗಿಹೋಯಿತು.

"ಒತ್ತಿ ಆಂಟಿ! ಅವರೇ ತಾನೇ ಬರ್ತೀನಿ ಅಂದಿದ್ದು?"

ಎರಡನೇ ಸಲ ಒತ್ತಿದರು. ಮೂರನೇ ಸಲ. ಆಮೇಲೆ ಅವರಿಗೆ ಏನಾಯಿತೋ, ಎರಡೂ ಕೈಯಿಂದ ಬಾಗಿಲು ಬಡಿಯತೊಡಗಿದರು. ಬಾಯಲ್ಲಿ ಬಂದದ್ದು ಬರೀ ಕನ್ನಡ. "ಕುರಾತಾ ಸಾನ್! ಬಾಗ್ಲು ತೆಗೀರಿ! ಟೈಮಾಯ್ತು, ಬಾಗ್ಲು ತೆಗೀರೀ!" ಕಬ್ಬಿಣದ ಬಾಗಿಲು, ಇಡೀ ಮೆಟ್ಟಿಲು ಗುಡುಗಿತು. ಒಳಗಿನ ಜನ ನಗುತ್ತಲೇ ಇದ್ದರು.

ತೆರೆದದ್ದು ಎದುರುಮನೆ ಬಾಗಿಲು. ಐನೂರ ಒಂದರ ಮಿಝುನೋ ಸಾನ್, ಎಂಬತ್ತರ ಹತ್ತಿರದ ಸಣ್ಣ ದೇಹದ ಅಜ್ಜಿ. ಅವರ ಅಂಗೈಯಲ್ಲಿ ಬೆರಳುದ್ದದ ಮುದ್ರೆಯಿತ್ತು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದರ ತುದಿಯ ಹೆಸರು, ಕುರಾತಾ.

"ಸುಮಿಮಾಸೆನ್," ಕ್ಷಮಿಸಿ, ಅಂತ ಬಗ್ಗಿದರು. ಬಗ್ಗಿದವರು ಮೇಲೇಳಲಿಲ್ಲ.

ನವೆಂಬರಿನಲ್ಲಿ ಕುರಾತಾ ಸಾನ್‌ರಿಗೆ ಮಂಡಿನೋವು ಹೆಚ್ಚಾಗಿತ್ತಂತೆ. ಹಲಗೆ ತಮ್ಮ ಮನೆಯಲ್ಲಿ ತಡವಾಗಿ ಯಾರಿಗೂ ತೊಂದರೆಯಾಗಬಾರದು ಅಂತ ತಮ್ಮ ಹೆಸರಿನ ಇನ್ನೊಂದು ಮುದ್ರೆಯನ್ನು ಇವರಿಗೇ ಕೊಟ್ಟು, ನನ್ನದೂ ಒತ್ತಿಬಿಡಿ ಅಂದಿದ್ದರಂತೆ. ಅಂದಿನಿಂದ ಆ ಬಾಗಿಲಿಗೆ ಏನೇ ತೂಗಿದರೂ ಇವರೇ ತೆಗೆದು, ಮುದ್ರೆ ಒತ್ತಿ, ಕೆಳಗಿಳಿಸುತ್ತಿದ್ದರು. ಬೇರೆಯವರ ಕಾಗದ ಓದುವುದು ಮರ್ಯಾದೆಯಲ್ಲ ಅಂತ ಚೀಟಿಯನ್ನೂ ಓದಿರಲಿಲ್ಲ. "ಟೀವಿ ಕೇಳಿಸ್ತಾನೇ ಇತ್ತು," ಅಂದರು. "ದಿನಾ ಮಲಗೋ ಮುಂಚೆ ಗೋಡೆಗೆ 'ಒಯಾಸುಮಿ' ಅಂತಿದ್ದೆ. ಆ ಕಡೆಯಿಂದ ನಗು ಕೇಳಿಸ್ತಿತ್ತು."

ಕಾಲೊನಿ ಆಫೀಸಿನವರು ಪೊಲೀಸರ ಜೊತೆ ಬಂದು ಬೀಗ ತೆಗೆದರು. ನಮ್ಮನ್ನು ಒಳಗೆ ಬಿಡಲಿಲ್ಲ. ಹೊರಗಿನಿಂದಲೇ ಸಣ್ಣ ಹಜಾರದ ಕ್ಯಾಲೆಂಡರ್ ಕಂಡಿತು. ಕಳೆದ ದಿನಕ್ಕೆಲ್ಲ ಅಡ್ಡಗೆರೆ ಎಳೆಯುವ ಅಭ್ಯಾಸ ಅವರದ್ದು. ಗೆರೆಗಳು ಡಿಸೆಂಬರ್ ಹದಿನಾಲ್ಕಕ್ಕೆ ನಿಂತಿದ್ದವು. ಒಳಗಿನ ತಣ್ಣನೆ ಗಾಳಿ ನಮ್ಮ ಕಾಲಿಗೆ ಬಡಿಯಿತು. ಯಾರೋ ಟೀವಿ ಆರಿಸಿದರು. ಆ ಮೌನ ಇದೆಯಲ್ಲ, ಅದನ್ನು ತಡೆಯುವುದಕ್ಕಾಗದೆ ನಾನು ಕಿವಿ ಮುಚ್ಚಿಕೊಂಡೆ.

ಏಳು ವಾರ. ಅದರ ಕೊನೆಯ ದಿನಗಳಲ್ಲಿ ನಾವು ಸತ್ತವರಿಗೆ ಕೈ ಬೀಸಿದ್ದೆವು. ನಾನು ಆ ಹೆಸರು ಟೈಪ್ ಮಾಡದೆ ಕೈಯಲ್ಲಿ ಬರೆಯಿರಿ ಅಂದಿದ್ದರೆ, ಕುರಾತಾ ಸಾನ್‌ರ ಕೈಲಿ ಬರೆಸಲೆಂದಾದರೂ ಮಿಝುನೋ ಸಾನ್ ಆ ಬಾಗಿಲು ತಟ್ಟಿರುತ್ತಿದ್ದರು. ಈ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಸಮಿತಿ ಇದ್ದದ್ದು ಒಂದು ಗಂಟೆಗೆ. "ಬೇಡ ಆಂಟಿ, ಮುಂದಕ್ಕೆ ಹಾಕ್ಸೋಣ," ಅಂದೆ. ಅವರು ಮೆಟ್ಟಿಲಿಳಿದರು. ಟ್ಯಾಕ್ಸಿಯವನು ಕಾದೂ ಕಾದೂ ಹೋಗಿದ್ದ. ಬಸ್ಸಿನಲ್ಲಿ ಹೋದೆವು.

ಸಭೆಯಲ್ಲಿ ಏಳು ಜನ ಸದಸ್ಯರು, ಮಾಸ್ಕ್ ಹಾಕಿಕೊಂಡು, ನಡುವೆ ಪ್ಲಾಸ್ಟಿಕ್ ಹಲಗೆಗಳು. ಇಬ್ಬರು ಆಗಲೇ ಕಣ್ಣು ಮುಚ್ಚಿದ್ದರು. ಆಂಟಿ ನಿಂತು, ಅರ್ಜಿಯಿಂದ ಒಂದು ಹೆಸರು ಹೊಡೆದುಹಾಕಲು ಅಪ್ಪಣೆ ಕೇಳಿದರು. ಯಾಕೆ ಅಂದರು ಅಧ್ಯಕ್ಷರು.

"ಈ ಮುದ್ರೆ ಬೀಳೋ ಹೊತ್ತಿಗೆ ಇವರು ಸತ್ತು ಐದು ವಾರವಾಗಿತ್ತು," ಅಂದರು ಆಂಟಿ. ಕಣ್ಣು ಮುಚ್ಚಿದ್ದವರು ತೆರೆದರು. "ಇವತ್ತು ನಿಮ್ಮ ಮುಂದೆ ಮಾತಾಡಬೇಕಿದ್ದವರು ಇವರೇ. ಬೆಳಿಗ್ಗೆ ಬಾಗಿಲು ತೆಗೆಸಿದೆವು. ಹಿನಾತಾ ಮನೆ ತೆರೆದಿದ್ದರೆ ಮೊದಲನೇ ದಿನ ಮಧ್ಯಾಹ್ನಕ್ಕೇ ಗೊತ್ತಾಗುತ್ತಿತ್ತು. ನಮ್ಮ ಹತ್ತು ಮನೆಯಲ್ಲಿ ಒಬ್ಬರೂ ಬಾಗಿಲು ಬಡಿಯಲಿಲ್ಲ. ನಾನೂ ಬಡಿಯಲಿಲ್ಲ." ಅಷ್ಟು ಹೇಳಿ ಪೆನ್ನಿನಿಂದ ಆ ಹೆಸರಿನ ಮೇಲೆ ಗೆರೆ ಎಳೆದು ಕೂತರು. ಐದು ನಿಮಿಷದಲ್ಲಿ ಮೂರೂವರೆ ನಿಮಿಷ ಇನ್ನೂ ಉಳಿದಿತ್ತು.

ಆಮೇಲೆ ಏಳು ಕೈಗಳೂ ಮೇಲೆದ್ದವು. ಸೋಂಕಿನ ತುರ್ತುಸ್ಥಿತಿ ಮುಗಿದ ಕೂಡಲೇ ಕೇಂದ್ರ ತೆರೆಯಬೇಕು, ದರ ಹಳೆಯದೇ ಇರಬೇಕು ಅಂತ ಅರ್ಜಿ ಪಾಸಾಯಿತು. ಸದಸ್ಯೆ ಹೊರಗೆ ಬಂದು ಆಂಟಿಗೆ ಸೊಂಟದ ತನಕ ಬಗ್ಗಿದರು. ನನಗೋ, ಅಷ್ಟು ದುಃಖದ ನಡುವೆಯೂ ಗೆದ್ದೆವಲ್ಲ ಅನ್ನುವ ಖುಷಿ ಉಕ್ಕಿಬಂತು.

"ಗೆದ್ರಿ ಆಂಟಿ," ಅಂದೆ ಬಸ್‌ಸ್ಟಾಪಿನಲ್ಲಿ, ಅವರ ಕೈ ಹಿಡಿದು. ಆ ಕೈ ಮಂಜಿನಷ್ಟು ತಣ್ಣಗಿತ್ತು.

"ಯಾರೇ ಗೆದ್ದಿದ್ದು?" ಅಂದರು. "ಜೀವಂತ ಬಂದಿದ್ರೆ ಅವರಿಗೂ ಐದ್ ನಿಮಿಷ ಕೊಟ್ಟು, ನಿದ್ದೆ ಹೊಡೆದು, ಅರಿಗಾತೋ ಅಂತ ಕಳಿಸ್ತಿದ್ರು. ಮುದುಕ ಸತ್ತು ಏಳು ವಾರ ಒಬ್ಬನೇ ಬಿದ್ದಿದ್ದ ಅಂತ ಏಳು ಕೈ ಎದ್ವು. ನಂಗೆ ಅವರ ಸಾವು ಬೇಕಾಗಿತ್ತು ತಾರಾ. ಗೊತ್ತಿಲ್ದೆ ಅದನ್ನೇ ಕಾಯ್ತಾ ಇದ್ನೇನೋ ಅನ್ಸುತ್ತೆ ಕಣೇ."

ಬಸ್ಸು ಬಂತು, ಇಬ್ಬರೂ ಹತ್ತಿದೆವು.