ದೂರದಿಂದ ನೋಡುವ ಕೆಲಸ

ನಮ್ಮ ಮನೆಯವರು ಮಿಲಿಟರಿಯಿಂದ ನಿವೃತ್ತರಾಗಿ ಹಿರೇಬೆಂಡಿಗೇರಿಗೆ ಬಂದು ಎರಡು ವರ್ಷವಾಗಿತ್ತು. ಒಂದು ಕಡೆ ಕೂತರೆ ಕೇಳಿ! ಹೊಲಕ್ಕೆ ಹೋಗಿ ಬಂದು ಹತ್ತು ನಿಮಿಷವಾಗುವುದರೊಳಗೆ ಮತ್ತೆ ಬಾಗಿಲಲ್ಲಿ ನಿಲ್ಲುವರು. ಮನೆ ಮುಂದೆ ಯಾರದೋ ಬೈಕ್ ನಿಂತಿದ್ದರೆ, ಬೈಕಿನವನು ಬರುವವರೆಗೆ ಚಹಾ ಮುಟ್ಟುವುದಿಲ್ಲ. ಅವರ ಚಡಪಡಿಕೆ ನೋಡಿ ನೋಡಿ ನನಗೂ ಅಂಟಿಕೊಂಡು, ರೊಟ್ಟಿ ಬಡಿಯುತ್ತಲೇ ಓಣಿಯ ಕಡೆ ಕಣ್ಣು ಹಾಯಿಸುತ್ತಿದ್ದೆ.

ಕೊನೆಯ ಆರು ವರ್ಷ ಅವರದು ಸೇನಾ ನೆಲೆಯೊಂದರ ಗೇಟಿನಲ್ಲಿ ಕೆಲಸ. ದೂರದಲ್ಲೇ ನಿಲ್ಲಿಸಿದ ಲಾರಿಯ ಮೇಲೆ ಯಂತ್ರದಿಂದ ಬೆಳಕು ಬಿಡುವುದು; ತಿರುಗಿ ಬಂದ ಬೆಳಕಿನಿಂದ, ಲಾರಿಯ ಮೈಗೆ ಸ್ಫೋಟಕದ ಪುಡಿ ಅಂಟಿದೆಯೋ ಇಲ್ಲವೋ ಯಂತ್ರವೇ ಹೇಳುತ್ತದಂತೆ. "ನಾವು ಹತ್ರ ಹೋಗೂದ ಇಲ್ಲ. ಗ್ವಾಡಿ ಹಿಂದ ಕುಂತು ಟಿವಿ ನೋಡಿದಂಗ ನೋಡೂದು," ಎಂದು ಫೋನಿನಲ್ಲಿ ಹೇಳುತ್ತಿದ್ದರು. ಆ ಮಾತು ನಂಬಿ ಆರು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಓಣಿಯ ಹೆಂಗಸರು ಕೇಳಿದರೆ, "ಕುಂತು ಪಗಾರ ತಗೊಳ್ಳೂ ನೌಕರಿ ನೋಡ್ರಿ," ಎಂದು ನಗೆಯಾಡಿದ್ದೂ ಉಂಟು.

ಕಳೆದ ಕಾರ್ತಿಕದಲ್ಲಿ ಹಿರೇಕೆರೂರಿನ ಮಗಳ ಮನೆಗೆ ಹೊರಟಿದ್ದೆವು. ಹಾನಗಲ್ಲಿನಲ್ಲಿ ಬಸ್ ಬದಲಿಸಬೇಕು. ಬಸ್ ಬಂದ ಕೂಡಲೇ ಕಿಟಕಿಯಿಂದ ಟವೆಲ್, ಚೀಲ ಒಳಗೆ ಒಗೆದು ಸೀಟು ಹಿಡಿಯುವುದು ನಮ್ಮ ಕಡೆ ಎಲ್ಲರೂ ಒಪ್ಪಿದ ಕಾಯಿದೆ. ನಾನೂ ಮಗಳಿಗೆ ಮೆಲ್ಲಲೆಂದು ತಂದ ಸವಣೂರು ಖಾರದ ಚೀಲ ಒಗೆದೇ ಸೀಟು ಹಿಡಿದಿದ್ದೆ. ನಮ್ಮ ಮುಂದಿನ ಸೀಟಿನಲ್ಲೂ ಒಂದು ಚೀಲ ಬಿದ್ದಿತ್ತು. ಬಸ್ ತುಂಬಿತು, ಡ್ರೈವರ್ ಇಂಜಿನ್ ಚಾಲೂ ಮಾಡಿದ, ಚೀಲದವನ ಪತ್ತೆಯಿಲ್ಲ. ಚೀಲದ ಬಾಯಿಂದ ವೈರ್ ಇಣುಕುತ್ತಿತ್ತು, ಎಣ್ಣೆ ವಾಸನೆ ಬೇರೆ.

ಇವರು ಎದ್ದು ನಿಂತು, "ಎಲ್ಲಾರೂ ಕೆಳಗ ಇಳೀರಿ," ಎಂದರು. ಆ ದನಿಯನ್ನು ನಾನು ಮನೆಯಲ್ಲಿ ಕೇಳಿರಲಿಲ್ಲ. ನನಗೋ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಜನ ಗೊಣಗುತ್ತ ಇಳಿದು ದೂರ ನಿಂತರು. ಪೊಲೀಸರಿಗೆ ಫೋನ್ ಹೋಯಿತು. ಆದರೆ ಕಂಡಕ್ಟರನಿಗೆ ತಡವಾಗುತ್ತಿತ್ತು. "ಇಷ್ಟಕ್ಕೆಲ್ಲಾ ಪೊಲೀಸ್ರು ಯಾಕ? ನಾನ ಎತ್ತಿ ಹೊರಗ ಒಗೀತೇನಿ ಬಿಡ್ರಿ," ಎಂದು ಮೆಟ್ಟಿಲು ಹತ್ತಿಯೇ ಬಿಟ್ಟ. ಇವರು ಅವನ ರಟ್ಟೆ ಹಿಡಿದು ಕೆಳಗೆಳೆದರು. "ನೀವು ಮುಟ್ಟಬ್ಯಾಡ್ರಿ. ನಾನ ನೋಡ್ತೇನಿ."

ಫೋನ್ ತೆಗೆದು ನನ್ನ ಕೈಗೆ ಕೊಟ್ಟರು. ಗಡಿಯಾರ ಬಿಚ್ಚಿದರು. ಜೇಬಿನ ಕೀಲಿಗೊಂಚಲು, ಆಮೇಲೆ ಕಾಲಿನ ಚಪ್ಪಲಿ. ಒಂದಾದ ಮೇಲೊಂದು, ಯೋಚಿಸದೆ, ದಿನಾ ಸ್ನಾನಕ್ಕೆ ಹೋಗುವವರ ಹಾಗೆ. ಒಬ್ಬರೇ ಹತ್ತಿ ಹೋಗಿ ಚೀಲದ ಪಕ್ಕ ಬಗ್ಗಿದರು. ಕಿಟಕಿಯಲ್ಲಿ ಅವರ ನೆತ್ತಿ ಮಾತ್ರ ಕಾಣುತ್ತಿತ್ತು. ಅವರ ಕೈಗೆ ಇದು ಹೊಸದಲ್ಲ ಎಂದು ಆಗ ನನಗೆ ಹೊಳೆಯಿತು.

ಅಷ್ಟರಲ್ಲಿ ಚಹಾದಂಗಡಿಯಿಂದ ಒಬ್ಬ ಓಡಿ ಬಂದ. "ಅಯ್ಯ, ಅದು ನನ್ನ ಚೀಲರಿ! ಬೋರಿನ ಮೋಟರಿಗೆ ವೈರು, ಒಂದು ಡಬ್ಬಿ ಎಣ್ಣಿ!" ಇವರು ಅವನೆದುರೇ ಚೀಲ ಬಿಚ್ಚಿಸಿ ನೋಡಿದರು. ಅವನು ಹೇಳಿದ್ದೇ ಇತ್ತು. ಪೊಲೀಸರಿಗೆ ಮತ್ತೆ ಫೋನ್ ಮಾಡಿ ಬೇಡವೆಂದರು. ಜನ ಹೋ ಎಂದು ನಕ್ಕರು, ಕಂಡಕ್ಟರ್ ಎಲ್ಲರಿಗಿಂತ ಜೋರಾಗಿ. ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು ನನಗೆ.

ಬಸ್ ಹೊರಟ ಮೇಲೆ ಕೇಳಿದೆ: "ಗೇಟಿನಾಗೂ ಹಿಂಗ ಹೋಗ್ತಿದ್ರೇನ್ರಿ?"

ಅವರು ಕಿಟಕಿಯಾಚೆ ನೋಡುತ್ತ ಹೇಳಿದರು: "ಯಂತ್ರ ಸಂಶಯ ಐತಿ ಅಂತ ಅಷ್ಟ ಹೇಳತೈತಿ. ಆಮ್ಯಾಲೆ ಯಾರಾರ ಒಬ್ರು ಹೋಗಿ ನೋಡಬೇಕಲ್ಲ."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಮಲಗ್ತಿದ್ದಿ ಏನು?"

ನನಗೆ ಸಿಟ್ಟೇ ಬಂತು. ಅವರು ನೌಕರಿ ಬಿಟ್ಟು ಎರಡು ವರ್ಷವಾದ ಮೇಲೆ, ಹಿರೇಕೆರೂರಿನ ದಾರಿಯಲ್ಲಿ, ಆ ಆರು ವರ್ಷದ ಹೆದರಿಕೆ ಒಟ್ಟಿಗೇ ಬಂದು, ಅವರ ರಟ್ಟೆ ಗಟ್ಟಿಯಾಗಿ ಹಿಡಿದು ಕೂತೆ.