ಬಂಗಾರದ ತಲೆನೋವು

ನಾನು ಅಜ್ಜಿಯನ್ನು ಮೊದಲು ನೋಡಿದ್ದು ಡಬ್ಬಿಂಗ್ ಸ್ಟುಡಿಯೋದ ಬಾಗಿಲ ಹೊರಗೆ. ಬರಿಗಾಲಲ್ಲಿ ನಿಂತು, ಕೈಬಳೆಗಳನ್ನು ಒಂದೊಂದಾಗಿ ಕಳಚಿ ಕರವಸ್ತ್ರದಲ್ಲಿ ಗಂಟು ಕಟ್ಟುತ್ತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಬಿಸಿನೀರಿನ ಫ್ಲಾಸ್ಕು, ಹೆಚ್ಚಿದ ಹಸಿರು ಸೇಬಿನ ಡಬ್ಬಿ. ಸೇಬು ತಿಂದರೆ ಬಾಯಿಯ ಅಂಟು ಹೋಗಿ ಮೈಕಿನಲ್ಲಿ ಚಪ್‌ಚಪ್ ಸದ್ದು ಬರುವುದಿಲ್ಲವೆಂದು ಆಮೇಲೆ ತಿಳಿದುಕೊಂಡೆ. ಮೈಕಿಗೆ ಸರಸರ ಕೇಳಿಸದ ಮೆತ್ತಗಿನ ಹತ್ತಿ ಬಟ್ಟೆ ತೊಟ್ಟಿದ್ದಳು. ವಯಸ್ಸು ಮೂವತ್ತೂ ಇರಲಿಕ್ಕಿಲ್ಲ.

ಸಂಭಾಷಣೆ ಬರೆಯುವ ಕೆಲಸಕ್ಕೆ ಸೇರಿದ ನನಗೆ ಅಂದು ಮೊದಲ ದಿನ. ಹಳ್ಳಿಯ ನಮ್ಮ ಮನೆಯಲ್ಲಿ ಪದವಿ ಪಡೆದವನು ನಾನೊಬ್ಬನೇ ಆದ್ದರಿಂದ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಬೇಕೆಂಬ ಆತಂಕ ಬೇರೆ. ನಿರ್ದೇಶಕರು, "ಅಜ್ಜಿ ಬಂದ್ರಾ ನೋಡಿ" ಎಂದು ಕಳಿಸಿದ್ದರು. ನಾನು ಅವಳನ್ನೇ ಕೇಳಿದೆ, "ಮೇಡಂ, ಇಲ್ಲಿಗೆ ಯಾರಾದ್ರೂ ವಯಸ್ಸಾದವರು ಬಂದ್ರಾ?"

ಅವಳು ಬೆನ್ನು ಬಗ್ಗಿಸಲಿಲ್ಲ, ಮುಖ ಕಿವುಚಲಿಲ್ಲ. ಗಂಟಲೊಂದನ್ನೇ ಬದಲಿಸಿ, "ಬಂದೆ ಮಗಾ, ಮಂಡಿ ನೋವು, ಎತ್ಕೊಂಡು ಹೋಗ್ತೀಯಾ?" ಎಂದಳು. ನಾನು ಬೆಚ್ಚಿ ಹಿಂದೆ ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

ಮುದುಕಿಯರ ಪಾತ್ರವೆಲ್ಲ ಅವಳ ಪಾಲಿಗೇ ಬರುತ್ತಿದ್ದುದರಿಂದ ಎಲ್ಲರಿಗೂ ಅವಳು ಅಜ್ಜಿ. ನನ್ನ ಮಾತುಗಳು ಪಾಠದಂತಿವೆಯೆಂದು ನನಗೆ ಮೇಷ್ಟ್ರು ಎಂದು ಹೆಸರಿಟ್ಟವಳೂ ಅವಳೇ.

ಅವಳ ಕೆಲಸದ ರೀತಿಯೇ ಬೇರೆ. ಯಾವುದೇ ಪಾತ್ರ ಬರಲಿ, ಅದಕ್ಕೆ ಗೊತ್ತಿರುವವರೊಬ್ಬರ ಗಂಟಲು ತೊಡಿಸುತ್ತಿದ್ದಳು. ಮಂತ್ರಿಗೆ ಮನೆ ಮಾಲೀಕನ ಮೂಗುದನಿ, ಮಾತಾಡುವ ಕರಡಿಗೆ ಹಾಲಿನವನ ಕೆಮ್ಮು. ಅವರಿಗೆ ಗೊತ್ತಾದರೆ ಎಂದು ನಾನು ಕೇಳಿದ್ದಕ್ಕೆ, "ಗಾಳೀಲಿ ಹೋಗೋದನ್ನ ಹಿಡ್ಕೊಂಡ್ರೆ ಕಳ್ಳತನ ಆಗುತ್ತಾ ಮೇಷ್ಟ್ರೇ?" ಎಂದು ನಕ್ಕಿದ್ದಳು.

ಆಗ ನಮ್ಮ ಕೈಗೆ ಬಂದದ್ದು, ಮಕ್ಕಳ ಹಳೇ ಕತೆಯೊಂದನ್ನು ಹದಿಹರೆಯದವರಿಗಾಗಿ ಹೊಸದಾಗಿ ಕಟ್ಟಿದ ಸಾಹಸ ಧಾರಾವಾಹಿ. ರಾಕ್ಷಸಿಯ ಪ್ರಾಣ ಗಿಳಿಯಲ್ಲಿರುತ್ತದೆ, ರಾಜಕುಮಾರ ಬಂದು ಗಿಳಿಯ ಕತ್ತು ಮುರಿಯುತ್ತಾನೆ. ಇಷ್ಟು ನಾವೆಲ್ಲ ಕೇಳಿದ್ದೇ. ಇದರಲ್ಲಿ ನಾಯಕಿ, ಆ ರಾಕ್ಷಸಿಯೇ ಕಾಡಿನಲ್ಲಿ ಎತ್ತಿಕೊಂಡು ಸಾಕಿದ ಹುಡುಗಿ. ಪ್ರಾಣ ಎಲ್ಲಿದೆಯೆಂದು ಮುದ್ದುಗರೆದು ಕೇಳಿ ತಿಳಿದು, ರಾಜಕುಮಾರನಿಗೆ ಹೇಳಿಬಿಡುವವಳೂ ಅವಳೇ. ಹೇಳಿದ ಮೇಲೆ ಮಾಡಿದ್ದು ತಪ್ಪೆಂದು ತಿಳಿದು, ಅವನಿಗಿಂತ ಮೊದಲು ಗಿಳಿಯನ್ನು ತಲುಪಲು ಕಾಡುಮೇಡು ಅಲೆಯುತ್ತಾಳೆ.

ರಾಕ್ಷಸಿ ಮೊದಲ ಸಲ ಬಾಯಿ ತೆರೆಯುವಲ್ಲಿ ನಾನು "ಎಲೈ ಬಾಲೆ, ಇತ್ತ ಬಾ" ಎಂದು ಬರೆದಿದ್ದೆ. ಅಜ್ಜಿ ಹಾಳೆ ನೋಡಿದಳು, ಪರದೆ ನೋಡಿದಳು. ಉಸಿರನ್ನು "ಹ್ಂ" ಎಂದು ಒಳಗೆಳೆದುಕೊಂಡು, "ಬಾರೇ ಇಲ್ಲಿ, ನನ್ನ ಬಂಗಾರದ ತಲೆನೋವೇ! ಹೇಳಿದ್ದು ಕಿವಿಗೆ ಬಿತ್ತೋ, ಗೋಡೆಗೆ ಬಿತ್ತೋ?" ಎಂದಳು.

ನಿರ್ದೇಶಕರು ಕುರ್ಚಿಯಿಂದ ಎದ್ದರು. "ಇದೇ! ಇವಳೇ ರಾಕ್ಷಸಿ!" ಆ ದನಿಯನ್ನು ವಾಹಿನಿಯವರಿಗೆ ಕಳಿಸಿ ಒಪ್ಪಿಗೆ ಪಡೆದದ್ದೂ ಆಯಿತು. ಒಮ್ಮೆ ಒಪ್ಪಿದ ದನಿಯನ್ನು ಕತೆ ಮುಗಿಯುವವರೆಗೆ ಬದಲಿಸುವಂತಿಲ್ಲ.

"ಯಾರ ಗಂಟಲು ಇದು?" ಎಂದು ಕೇಳಿದೆ.

"ನಮ್ಮತ್ತಿಗೇದು" ಎಂದಳು ಹೆಮ್ಮೆಯಿಂದಲೇ.

ಅಜ್ಜಿ ತಾಯಿಯನ್ನು ಕಳೆದುಕೊಂಡದ್ದು ಹಾಲುಹಲ್ಲು ಬೀಳುವ ಮೊದಲೇ. ಅಣ್ಣ ಲಾರಿ ಓಡಿಸುವವನು, ಮನೆಯಲ್ಲಿದ್ದದ್ದಕ್ಕಿಂತ ರಸ್ತೆಯಲ್ಲಿದ್ದದ್ದೇ ಹೆಚ್ಚು. ಇವಳ ತಲೆ ಬಾಚಿ, ಬೈದು, ಉಣಿಸಿ, ಓದಿಸಿ ದೊಡ್ಡವಳನ್ನಾಗಿ ಮಾಡಿದ್ದು ಅತ್ತಿಗೆ. ಆಕೆಗೆ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಸರದಿಯ ಪ್ರಕಾರ ರೋಗಿಗಳ ಹೆಸರು ಕೂಗುವ ಕೆಲಸ.

ಧಾರಾವಾಹಿ ಶುರುವಾದ ಕೆಲವೇ ವಾರಗಳಲ್ಲಿ ಬೀದಿಯ ಮಕ್ಕಳ ಬಾಯಲ್ಲೆಲ್ಲ ಬಂಗಾರದ ತಲೆನೋವು. ನಾವು ಸ್ಟುಡಿಯೋದಲ್ಲಿ ಬೀಗಿದ್ದೇ ಬೀಗಿದ್ದು. ಒಂದು ದಿನ ಅಜ್ಜಿ ಊಟದ ಡಬ್ಬಿ ಕೊಡಲು ಅತ್ತಿಗೆಯ ಆಸ್ಪತ್ರೆಗೆ ಹೋಗಿದ್ದಾಳೆ. ಅತ್ತಿಗೆ "ಹ್ಂ" ಎಂದು ಉಸಿರೆಳೆದು ಹೆಸರು ಕೂಗಿದ್ದೇ ತಡ, ಪುಟ್ಟ ಹುಡುಗಿಯೊಂದು ಅಮ್ಮನ ಬೆನ್ನ ಹಿಂದೆ ಅವಿತು, "ಅಮ್ಮಾ, ರಾಕ್ಷಸಿ! ನನ್ನ ಹಲ್ಲು ಇವಳೇ ಕೀಳ್ತಾಳೆ!" ಎಂದು ಚೀರಿತು. ಬೆಂಚಿನಲ್ಲಿದ್ದವರೆಲ್ಲ ಕೆನ್ನೆ ಹಿಡಿದುಕೊಂಡೇ ನಕ್ಕರು. ಅತ್ತಿಗೆಯೂ ನಕ್ಕರು. ಮುಂದಿನ ಬಾರಿ ಅಜ್ಜಿ ಹೋದಾಗ ಅತ್ತಿಗೆಯ ಮೇಜಿನ ಮೇಲೆ ಒಂದು ಗಂಟೆ ಇತ್ತು. ಅದನ್ನು ಒತ್ತಿ, ಮುಂದಿನವರಿಗೆ ಕೈಸನ್ನೆ ಮಾಡುತ್ತಿದ್ದರು.

ಮನೆಯಲ್ಲೂ ಹಾಗೇ ಆಯಿತು. ಊಟಕ್ಕೆ ಕರೆಯಲು ಸೌಟಿನಿಂದ ತಟ್ಟೆ ಬಡಿಯುವುದು. ಕೇಳಿದರೆ, "ಗಂಟಲು ನೋವು." ಅಜ್ಜಿ ಗಂಟಲಿನ ಮಾತ್ರೆ ತಂದುಕೊಟ್ಟಳು. ಅತ್ತಿಗೆ ಬಾಯಿಗೆ ಹಾಕಿಕೊಂಡರು. "ಅವರು ಅದನ್ನ ಚೀಪ್ತಾ ಕೂತಿದ್ರೆ ನನಗೆ ತುತ್ತು ಇಳೀಲಿಲ್ಲ ಮೇಷ್ಟ್ರೇ" ಎಂದಳು ಮರುದಿನ.

ರಾಕ್ಷಸಿ ತನ್ನ ಗುಟ್ಟು ಹೇಳುವ ಕಂತು ಬಂದಾಗ ಅವಳು ನನ್ನ ಹತ್ತಿರ ಬಂದು, "ರಾಕ್ಷಸಿಗೆ ಗಂಟಲು ಕಟ್ಟಿದೆ ಅಂತ ಒಂದು ಮಾತು ಸೇರಿಸಿ, ಬೇರೆ ದನಿ ಹಾಕ್ತೀನಿ" ಎಂದು ಬೇಡಿಕೊಂಡಳು. ನಿರ್ದೇಶಕರಿಗೆ ಹೇಳಿದೆವು.

"ನೆಗಡಿ ಆಗೋ ರಾಕ್ಷಸಿ ಪ್ರಾಣಾನ ಗಿಳೀಲಿ ಯಾಕಮ್ಮಾ ಇಡ್ತಾಳೆ, ಮೂಗಲ್ಲೇ ಇಟ್ಕೋತಾಳೆ. ಹೋಗು, ಮೈಕ್ ಮುಂದೆ ನಿಂತ್ಕೋ."

ಅವಳು ನಿಂತಳು. ಪರದೆಯ ಮೇಲೆ ಹುಡುಗಿ ರಾಕ್ಷಸಿಯ ಮಡಿಲಲ್ಲಿ ತಲೆಯಿಟ್ಟು ಕೇಳುತ್ತಾಳೆ. ರಾಕ್ಷಸಿ, "ನೀನು ಕೇಳಿದ್ಮೇಲೆ ಹೇಳದೆ ಇರ್ತೀನಾ? ಗಿಳೀಲಿದೆ ಕಣೇ" ಎನ್ನಬೇಕು. ತುಟಿ ಅಲ್ಲಾಡುತ್ತಿತ್ತು, ಅಜ್ಜಿಯ ದನಿ ಏಳಲಿಲ್ಲ. ಮತ್ತೆ, ಮತ್ತೆ. ಕೊನೆಗೆ ಹೇಗೋ ಮುಗಿಸಿ ಹೊರಗೆ ಬಂದವಳು ಬಳೆಯ ಗಂಟನ್ನು ಬಿಚ್ಚಲೇ ಇಲ್ಲ. "ಮನೆಗೆ ಹೋಗಿ ಹೇಳ್ಬಿಡ್ಬೇಕು. ಒಬ್ಬಳೇ ಹೋದ್ರೆ ದಾರೀಲೇ ಎಲ್ಲಾದ್ರೂ ತಿರುಗಿಬಿಡ್ತೀನಿ. ನೀವೂ ಬನ್ನಿ."

ಅತ್ತಿಗೆ ಒಗೆದ ಬಟ್ಟೆ ಮಡಿಸುತ್ತಿದ್ದರು. ನನಗೆ ನೀರು ಕೊಟ್ಟು ಮತ್ತೆ ಕೂತರು. ಅಜ್ಜಿ ಬಾಗಿಲಲ್ಲೇ ನಿಂತು, "ಅತ್ತಿಗೆ, ಆ ರಾಕ್ಷಸಿ ದನಿ..." ಎಂದಳು.

"ಗೊತ್ತು. ನನ್ನ ಗಂಟಲು ನನಗೆ ತಿಳಿಯಲ್ವೇನೇ?"

"ಮತ್ತೆ ಯಾಕೆ ಬೈಲಿಲ್ಲ?"

"ಯಾವ ದನೀಲಿ ಬೈಯ್ಲಿ? ಬಾಯಿ ಬಿಟ್ರೆ ಬೀದಿ ಮಕ್ಕಳು ಚಪ್ಪಾಳೆ ತಟ್ಟುತ್ವೆ."

ನಾನು ನಗಬಾರದೆಂದು ಲೋಟದೊಳಗೆ ನೋಡಿದೆ. ಆಕೆ ನಗುತ್ತಿರಲಿಲ್ಲ.

"ನಿನಗೆ ಕಾಮಾಲೆ ಆದಾಗ ಮಗ್ಗುಲಲ್ಲೇ ಕೂತು ಕತೆ ಹೇಳಿದ್ನಲ್ಲ. ಈ ಗಿಳಿ ಕತೆ ನಿನಗೆ ಹೇಳಿದ್ದೇ ನಾನು. ಆಗಲೂ ಇದೇ ಗಂಟಲಿತ್ತು. ನಿನ್ನ ಕಿವೀಲಿ ಉಳಿದದ್ದು ಬೈದದ್ದು ಮಾತ್ರಾನಾ?"

"ಮುದ್ದಿಗೆ ಬೈತಿದ್ರಿ ಅಂತ ನನಗೆ ಗೊತ್ತು ಅತ್ತಿಗೆ."

"ನಿನಗೆ ಗೊತ್ತು. ಊರಿಗೆ ಗೊತ್ತಾ?" ಅಂಗಿಯೊಂದರ ತೋಳನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ಹೋಗ್ಲಿ, ಕೊನೇಲಿ ಅವಳು ಸಾಯ್ತಾಳಾ?"

"ಇಲ್ಲ. ಹುಡುಗಿ ಗಿಳೀನ ಉಳಿಸ್ಕೋತಾಳೆ. ಎರಡನೇ ಭಾಗಾನೂ ಬರುತ್ತಂತೆ."

"ಹಾಗಾದ್ರೆ ಅವಳ ಬಾಯಿ ಮುಚ್ಚೋದಿಲ್ಲ. ನನ್ನ ಮೇಜಿನ ಗಂಟೆ ಇರ್ಲಿ ಬಿಡು" ಎಂದರು ಅತ್ತಿಗೆ.

ಎರಡನೇ ಭಾಗಕ್ಕೆ ಅಜ್ಜಿ ಒಲ್ಲೆ ಎಂದಳು. ಸ್ಟುಡಿಯೋದವರು ಅದೇ ದನಿ ತೆಗೆಯುವ ಇನ್ನೊಬ್ಬಳನ್ನು ಹುಡುಕಿ ತಂದರು. ಪರೀಕ್ಷೆಯ ದಿನ ಅಜ್ಜಿ ಮೂಲೆಯಲ್ಲಿ ಕೂತು ಕೇಳಿದಳು. "ಹ್ಂ" ಎಂಬ ಆ ಉಸಿರು ಕೂಡ ಅಚ್ಚು ಹೊಡೆದ ಹಾಗಿತ್ತು.

"ನನಗಿಂತ ಚೆನ್ನಾಗಿದೆ ಮೇಷ್ಟ್ರೇ" ಎಂದಳು. "ಕದ್ದ ಮಾಲು ಕೈ ದಾಟಿತು. ಇನ್ನು ವಾಪಸ್ ಕೊಡ್ತೀನಿ ಅಂದ್ರೂ ನನ್ನ ಹತ್ರ ಇಲ್ಲ."

ಅತ್ತಿಗೆ ಈಗ ಆಸ್ಪತ್ರೆಯ ಒಳಕೋಣೆಯಲ್ಲಿ ಉಪಕರಣ ತೊಳೆಯುವ ಕೆಲಸಕ್ಕೆ ಹೋಗಿದ್ದಾರೆ. ಹೊರಗಿನ ಮೇಜಿನಲ್ಲಿ ಬೆಳಗಿನ ಹೊತ್ತು ಅವರ ಬದಲು ಅಜ್ಜಿ ಕೂರುತ್ತಾಳೆ, ತನ್ನದೇ ದನಿಯಲ್ಲಿ ರೋಗಿಗಳ ಹೆಸರು ಕೂಗುತ್ತಾಳೆ. ಮಧ್ಯಾಹ್ನದ ಮೇಲೆ ಸ್ಟುಡಿಯೋಗೆ ಬಂದು ಅದೇ ದನಿಯಲ್ಲಿ ಸಾಕ್ಷ್ಯಚಿತ್ರಗಳಿಗೆ ವಿವರಣೆ ಓದುತ್ತಾಳೆ.